ಕತ್ತು ಮುಟ್ಟುವ ಸಿಸ್ಟರ್
ಬಾಣಂತಿಯರ ವಾರ್ಡಿನಲ್ಲಿ ಎಲ್ಲರೂ ಅವಳನ್ನು ‘ಕತ್ತು ಸಿಸ್ಟರ್’ ಎನ್ನುತ್ತಾರೆ; ನಿದ್ದೆಯಲ್ಲಿ ನಡೆಯುವವಳಂತೆ ತೊಟ್ಟಿಲಿನಿಂದ ತೊಟ್ಟಿಲಿಗೆ ತೇಲುತ್ತಾ, ಕೂಸುಗಳ ಕತ್ತಿನ ಹಿಂದೆ ಎರಡು ಬೆರಳು ತಾಗಿಸಿ ನೋಡುವುದೇ ಅವಳ ಕಾಯಕ. ಬೆವರು ಹತ್ತಿತೋ, “ಅಜ್ಜೀ, ಇದೇನು ಮಗೂನಾ, ಸುತ್ತಿಟ್ಟ ಹಾಸಿಗೇನಾ?” ಎನ್ನುತ್ತಾ ಟೋಪಿ, ಸ್ವೆಟರು, ಶಾಲುಗಳನ್ನು ಹೂವಿನ ಎಸಳಿನಂತೆ ಬಿಡಿಸುತ್ತಾಳೆ. ಬೋರಲು ಮಲಗಿಸಿದ್ದರಂತೂ ಮುಗಿಯಿತು: “ಮುಖ ಹಾಸಿಗೆಗೆ ಒತ್ತಿದ್ರೆ ಮೈ ಕಾವು ಹೋಗೋದೆಲ್ಲಿಗಮ್ಮಾ? ಅಂಗಾತ ಮಲಗಿಸಿ!” ಹೊರಗೆ ಬೆಂಚಿನ ಮೇಲೆ ತೂಕಡಿಸುವ ತಾತಂದಿರ ಮಫ್ಲರ್‌ಗಳೂ ಅವಳ ಕೈಗೆ ಸಿಕ್ಕಿ ಸಡಿಲವಾಗುತ್ತವೆ. ಆದರೆ ಪಾಳಿ ಮುಗಿಸಿ ಬಂದು ಮಧ್ಯಾಹ್ನ ಮನೆಯಲ್ಲಿ ಅಡ್ಡಾದಾಗ, ಮಗಳ ಹೆಸರನ್ನೂ ಮರೆತಿರುವ ಮುದಿತಾಯಿ ಗೋಡೆ ಹಿಡಿದು ಬಂದು, “ಪಾಪುಗೆ ಚಳಿ ಆಗುತ್ತೆ” ಎಂದು ಕಂಬಳಿಯನ್ನು ಕಿವಿಯವರೆಗೆ ಹೊದಿಸುತ್ತಾಳೆ. ಸಿಸ್ಟರ್ ಬೆವರಿನಲ್ಲಿ ತೊಯ್ದರೂ ಕದಲದೆ, ಕಣ್ಣು ಮುಚ್ಚಿ ಹಾಗೆಯೇ ಮಲಗಿರುತ್ತಾಳೆ.