ಲೇಟಮ್ಮನ ಪೆಟ್ಟು

ಲೇಟಮ್ಮ ತೀರಿಕೊಂಡಾಗ ಮನೆಯಲ್ಲಿ ಅಳದೆ ಉಳಿದವಳು ಸೊಸೆಯೊಬ್ಬಳೇ. ಅವಳ ಗಂಡ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತ. ನಾದಿನಿ ಬಂದವರ ಹೆಗಲಿಗೆಲ್ಲ ಒರಗಿ ಅತ್ತಳು. ಸೊಸೆ ಮಗುವಿಗೆ ಹಾಲು ಕುಡಿಸಿದಳು, ತೇಗು ಬರಿಸಿದಳು, ಉಸಿರಾಡುತ್ತಿದೆಯೇ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡಿದಳು, ಬಂದವರಿಗೆ ಟೀ ಕೊಟ್ಟಳು, ಮತ್ತೆ ಹೋಗಿ ಬೆರಳಿಟ್ಟು ನೋಡಿದಳು. ಎದೆಯೊಳಗೆ ಏನೋ ಆಗುತ್ತದೆ ಎಂದು ಕಾದಳು. ಏನೂ ಆಗಲಿಲ್ಲ. ಒಂದೇ ಮಗ್ಗುಲಲ್ಲಿ ಮಲಗಿ ಕೈ ಜೋಮು ಹಿಡಿದಾಗ, ನಮ್ಮದೇ ಕೈ ಅಂತ ಗೊತ್ತಿದ್ದರೂ ಬೇರೆ ಯಾರದ್ದೋ ಅನ್ನಿಸುತ್ತದಲ್ಲ, ಹಾಗಿತ್ತು.

“ಒಂದು ಹನಿ ಕಣ್ಣೀರೂ ಬರ್ಲಿಲ್ವಲ್ಲ ಅತ್ತಿಗೆ ನಿಮಗೆ,” ಎಂದು ನಾದಿನಿ ಅಡುಗೆಮನೆಯಲ್ಲಿ ಅಂದೇಬಿಟ್ಟಳು. “ಹೆತ್ತ ಮಗಳು ನಾನು, ನನಗಿಂತ ಹೆಚ್ಚಾಗಿ ನೋಡ್ಕೊಂಡ್ರು ಅಮ್ಮ ನಿಮ್ಮನ್ನ.”

“ಗೊತ್ತು,” ಎಂದಳು ಸೊಸೆ.

ಆ ಮಾತು ಚುಚ್ಚಬೇಕಿತ್ತು. ಚುಚ್ಚಲಿಲ್ಲ. ಚುಚ್ಚಲಿಲ್ಲವಲ್ಲ ಎಂಬ ಹೆದರಿಕೆ ಮಾತ್ರ ಹುಟ್ಟಿತು. ತಾನು ಹೀಗೇ ಕಲ್ಲಾಗಿ ಉಳಿದುಬಿಟ್ಟರೆ? ಕಲ್ಲಿನ ಮಗ್ಗುಲಲ್ಲಿ ಮಲಗಿ ಮಗು ಬೆಳೆಯುವುದಾದರೂ ಹೇಗೆ?

ಲೇಟಮ್ಮ ಎಂಬ ಹೆಸರು ಲಾಂಡ್ರಿಯವರು ಇಟ್ಟದ್ದು. ಆಕೆ ಹುಟ್ಟಿದ್ದೇ ತಡವಾಗಿ, ಮದುವೆಯೂ ತಡವಾಗಿ. ಬಸ್ಸುಗಳಂತೂ ಆಕೆಯನ್ನು ಬಿಟ್ಟು ಹೋಗುವುದನ್ನೇ ರೂಢಿ ಮಾಡಿಕೊಂಡಿದ್ದವು. ಬೀದಿ ಮೂಲೆಯ ಲಾಂಡ್ರಿಯಲ್ಲಿ ತಲೆ ನರೆಯುವವರೆಗೂ ಇಸ್ತ್ರಿ ಮಾಡಿದಳು. ಬಟ್ಟೆಯ ಮೇಲೆ ಬೆರಳಿನಿಂದ ನೀರು ಚಿಮುಕಿಸಿ, ಇಸ್ತ್ರಿಪೆಟ್ಟಿಗೆ ಎತ್ತಿ, ನೀರು ನೂಲಿಗೆ ಇಳಿಯಲಿ ಎಂದು ಅದನ್ನು ಗಾಳಿಯಲ್ಲೇ ಒಂದು ಗಳಿಗೆ ಹಿಡಿದು, ಆಮೇಲೆ ಇಡುವುದು ಆಕೆಯ ಕ್ರಮ. ಪಕ್ಕದ ಮೇಜಿನವಳು ಎರಡು ಅಂಗಿ ಮುಗಿಸುವಷ್ಟರಲ್ಲಿ ಈಕೆಯದು ಒಂದು. ಯಜಮಾನ ಕೂಗಾಡಿದರೆ, “ಸುಟ್ಟ ಅಂಗೀನ ಬೇಗ ಕೊಟ್ರೆ ಗಿರಾಕಿ ತಗೋತಾನಾ ಸ್ವಾಮಿ?” ಎಂದು ನಗುತ್ತಿದ್ದಳು.

ಕೆಲಸ ಬಿಟ್ಟ ಮೇಲೆ ಡೋಲು ಕೂಟ ಸೇರಿದಳು. ಅವರ ಮನೆಯಿದ್ದ ಕಟ್ಟಡದ ನೆಲಮಾಳಿಗೆಯ ಹಾಲ್‌ನಲ್ಲಿ ಭಾನುವಾರ ಸಂಜೆ ಒಂದಷ್ಟು ಜನ ಕುರ್ಚಿಗಳನ್ನು ಸುತ್ತ ಹಾಕಿಕೊಂಡು ಡೋಲು ಬಡಿಯುತ್ತಿದ್ದರು. ಕಲಿತವರು ಯಾರೂ ಇಲ್ಲ, ಕೇಳಲು ಬರುವವರೂ ಇಲ್ಲ. ಮೇಲಿನ ಮನೆಗಳವರು ಅದನ್ನು ದಡಬಡ ಸಂಘ ಎನ್ನುತ್ತಿದ್ದರು. “ಬಾರೇ, ಮಗೂನ ಎತ್ಕೊಂಡು ಸುಮ್ನೆ ಕೂತಿರು,” ಎಂದು ಆಕೆ ಎಷ್ಟು ಸಲ ಕರೆದಿದ್ದಳೋ. ಅಷ್ಟು ಸದ್ದಿಗೆ ಮಗುವಿನ ಕಿವಿ ಏನಾದೀತೋ ಎಂದು ಸೊಸೆಗೆ ದಿಗಿಲು. “ಮುಂದಿನ ವಾರ ಅತ್ತೆ,” ಎಂದು ಪ್ರತಿ ವಾರವೂ ತಪ್ಪಿಸಿಕೊಂಡಿದ್ದಳು.

ಈಗ ಆಕೆ ಬಾರಿಸುತ್ತಿದ್ದ ಡೋಲು ತೊಟ್ಟಿಲ ಪಕ್ಕದಲ್ಲಿ ಕುಳಿತಿತ್ತು. “ಕೂಟದ್ದು ಕೂಟಕ್ಕೆ ಕೊಟ್ಟುಬಿಡಿ ಅತ್ತಿಗೆ, ಓಡಾಡೋಕಾದ್ರೂ ಜಾಗ ಆಗುತ್ತೆ,” ಎಂದಳು ನಾದಿನಿ. ಭಾನುವಾರ ಸೊಸೆ ಮಗುವನ್ನು ಗಂಡನ ಕೈಗೆ ಕೊಟ್ಟು, ಅಂಗಾತ ಮಲಗಿಸಬೇಕು, ಹೊದಿಕೆ ಮುಖಕ್ಕೆ ಬರಬಾರದು, ಬಿಕ್ಕಳಿಸಿದರೆ ಫೋನ್ ಮಾಡಬೇಕು ಎಂದೆಲ್ಲ ಹೇಳಿ, ಡೋಲು ಹೊತ್ತುಕೊಂಡು ಕೆಳಗಿಳಿದಳು.

ಹಾಲ್‌ನಲ್ಲಿ ನೆಲ ಒರೆಸಿದ ಫಿನಾಯಿಲ್ ವಾಸನೆ ಇನ್ನೂ ಇತ್ತು. ಒಂದು ಕುರ್ಚಿ ಖಾಲಿಯಿತ್ತು. ಅದರ ಎಡಕ್ಕೆ ಬೀಗ ರಿಪೇರಿ ಮಾಡುವ ಬೀಗದಣ್ಣ, ಬಲಕ್ಕೆ ಆಸ್ಪತ್ರೆಯ ನರ್ಸಮ್ಮ.

“ಇದನ್ನ ಕೊಟ್ಟು ಹೋಗೋಣ ಅಂತ ಬಂದೆ ಅಣ್ಣ.”

“ಕೊಡೋದು ಇದ್ದೇ ಇದೆ. ಮೊದ್ಲು ಕೂತ್ಕೊಳಮ್ಮ.”

“ನಂಗೆ ಬಾರಿಸೋಕೆ ಬರಲ್ಲ.”

“ನಮಗೆ ಬರುತ್ತೆ ಅಂತ ಯಾರು ಹೇಳಿದ್ರು?” ಎಂದಳು ನರ್ಸಮ್ಮ. “ಈ ಮಹಾನುಭಾವರು ಬಡಿಯೋದು ಕೇಳಿದ್ರೆ ಎಲ್ಲೋ ಬೀಗ ಒಡೀತಿದಾರೆ ಅನ್ಸುತ್ತೆ.”

“ಇವಳ ಮಾತಿಗೆ ಕಿವಿ ಕೊಡ್ಬೇಡಮ್ಮ. ಜನಕ್ಕೆ ಚುಚ್ಚೀ ಚುಚ್ಚೀ ನಾಲಿಗೇನೂ ಸೂಜಿ ಆಗಿದೆ.”

ಇಲ್ಲ ಎನ್ನುವುದಕ್ಕೂ ಮನಸ್ಸಿಲ್ಲದೆ ಸೊಸೆ ಕುಳಿತಳು. ಬೀಗದಣ್ಣ ಶುರು ಮಾಡಿದ. ದುಂ ದುಂ ತಕ ದುಂ. ದುಂ ದುಂ ತಕ ದುಂ. ಇಷ್ಟೇ ತಾನೆ ಎಂದು ಅವಳೂ ಕೈ ಹಚ್ಚಿದಳು. ದುಂ ದುಂ ತಕ ಆಯಿತು. ಕೊನೆಯ ಪೆಟ್ಟು ಅವಳದೊಂದೇ ಬಿತ್ತು. ಉಳಿದವರ ಕೈಗಳೆಲ್ಲ ಇನ್ನೂ ಮೇಲೇ ಇದ್ದವು.

ಎಲ್ಲರೂ ನಕ್ಕರು. “ಆತುರ, ಆತುರ!” ಎಂದ ಬೀಗದಣ್ಣ.

“ತಪ್ಪಾಯ್ತಾ?”

“ತಪ್ಪಲ್ಲಮ್ಮ. ಅಲ್ಲಿ ಸ್ವಲ್ಪ ನಿಲ್ಬೇಕು.”

“ಯಾಕೆ?”

ಅವರು ಮುಖ ಮುಖ ನೋಡಿಕೊಂಡರು. ನರ್ಸಮ್ಮನೇ ಹೇಳಿದಳು. “ನಿಮ್ಮತ್ತೆ ಪೆಟ್ಟು ಯಾವಾಗ್ಲೂ ತಡ ಕಣಮ್ಮ. ಕೈ ಎತ್ತೋರು, ಗಾಳೀಲೇ ಹಿಡ್ಕೊಂಡಿರೋರು. ಮೊದಮೊದಲು ಎಲ್ಲರ ತಾಳಾನೂ ಕೆಡೋದು, ಬೈದೂ ಬೈದ್ವಿ. ಆಮೇಲೆ ಅವರಿಗೋಸ್ಕರ ನಿಲ್ಲೋದೇ ಅಭ್ಯಾಸ ಆಗೋಯ್ತು. ಹೋದ ವಾರ ಕುರ್ಚಿ ಖಾಲಿ. ಯಾರೂ ಏನೂ ಹೇಳ್ಕೊಂಡಿರ್ಲಿಲ್ಲ. ಆದ್ರೂ ಅಲ್ಲಿಗೆ ಬಂದ ತಕ್ಷಣ ಎಲ್ಲರ ಕೈನೂ ನಿಂತ್ಬಿಡ್ತು.”

“ಸರಿಮಾಡ್ಕೊಳೋಣ ಅಂತ ನೋಡಿದ್ವಿ,” ಎಂದ ಬೀಗದಣ್ಣ. “ಆಗ್ಲಿಲ್ಲ.”

ಸೊಸೆ ಡೋಲನ್ನು ಹತ್ತಿರಕ್ಕೆ ಎಳೆದುಕೊಂಡಳು. ಮತ್ತೆ ಶುರುವಾಯಿತು. ದುಂ ದುಂ ತಕ. ಕೈ ಎತ್ತಿದಳು. ಬೀಳಲು ಹೊರಟ ಕೈಯನ್ನು ಹಿಡಿದಳು. ನೀರು ನೂಲಿಗೆ ಇಳಿಯುತ್ತಿದೆ ಎಂದುಕೊಂಡಳು. ಇಳಿಯಿತು ಅನ್ನಿಸಿದಾಗ ಬಿಟ್ಟಳು. ದುಂ. ಅಷ್ಟೂ ಕೈಗಳು ಜೊತೆಗೇ ಬಿದ್ದವು. ಕುರ್ಚಿಯ ಕಾಲಿನಿಂದ ಹತ್ತಿ ಬಂದ ಸದ್ದು ಅವಳ ಹೊಟ್ಟೆಗೆ ತಾಗಿತು. ಎಷ್ಟೋ ಸುತ್ತು ಬಾರಿಸಿದರು. ಅಳು ಬರಲಿಲ್ಲ. ಅಂಗೈ ಮಾತ್ರ ಕೆಂಪಾಗಿ, ಇರುವೆ ಹರಿದಂತೆ ಚುರುಚುರು ಎನ್ನತೊಡಗಿತು.

ಮುಗಿದ ಮೇಲೆ ಬೀಗದಣ್ಣ ಡೋಲು ತೆಗೆದುಕೊಳ್ಳಲು ಕೈ ಚಾಚಿದ.

“ಮುಂದಿನ ವಾರ ಕೊಡ್ತೀನಿ ಅಣ್ಣ,” ಎಂದಳು. ಬಾಯಿಂದ ಬಂದ ಮಾತು ಅವಳ ಕಿವಿಗೇ ಬಿತ್ತು. ಒಂದು ಗಳಿಗೆ ನಿಂತಳು. “ಬರೋದು ತಡ ಆದ್ರೂ ಆಗ್ಬಹುದು. ಮಗು ಇದೆ.”

“ಆಗ್ಲಿ ಬಿಡಮ್ಮ. ಆ ಕುರ್ಚಿಗೆ ಅದೇನು ಹೊಸದಾ?”

ಬಾಗಿಲು ತೆಗೆದ ನಾದಿನಿ ಡೋಲು ನೋಡಿ, “ವಾಪಸ್ ತಂದ್ರಾ?” ಎಂದಳು. ಸೊಸೆ ಅದನ್ನು ಮೊದಲಿನ ಜಾಗದಲ್ಲೇ ಇಟ್ಟಳು. ಮಗು ಅಂಗಾತ ಮಲಗಿತ್ತು, ಹೊದಿಕೆ ಮುಖದಿಂದ ದೂರವೇ ಇತ್ತು. ಆದರೂ ಬಗ್ಗಿ, ಈ ಸಲ ಬೆರಳಿಡದೆ ಅಂಗೈಯನ್ನೇ ಹಿಡಿದಳು. ಉರಿಯುವ ಅಂಗೈಗೆ ಉಸಿರು ತಣ್ಣಗೆ ತಾಗಿತು. ನಿಂತಿತು. ಅವಳು ಕಾದಳು. ಮತ್ತೆ ತಾಗಿತು.