ಅಳಿಯನ ಬಾಯಿಹುಣ್ಣು

ಶತ್ರುವಿಗೂ ಬಾಯಿಹುಣ್ಣು ಬರಲಿ ಎಂದು ನಾನು ಬಯಸುವವನಲ್ಲ; ಆದರೆ ನನಗೆ ಖಾರ ಬಡಿಸುವವರಿಗೆ ಒಂದು ಸಲ ಬಂದರೆ ಬೇಸರವನ್ನೂ ಪಡುವುದಿಲ್ಲ. ಕಾಲು ಮುರಿದರೆ ನೋಡಲು ನಾಲ್ಕು ಜನ ಬರುತ್ತಾರೆ. ಬಾಯಿಹುಣ್ಣಿನವನು ತನ್ನ ಕಷ್ಟವನ್ನು ತಾನೇ ಹೇಳಿಕೊಳ್ಳಬೇಕು, ಅವನಿಂದ ಆಗದ ಕೆಲಸವೂ ಅದೇ.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ಮದುವೆಯಾದ ಮೊದಲ ದೀಪಾವಳಿಗೆ ಮಾಲೂರಿನಿಂದ ಮುಳಬಾಗಿಲಿಗೆ, ಮಾವನ ಮನೆಗೆ ಹೋದೆ. ನಾಲಿಗೆಯ ಮೇಲೂ ತುಟಿಯ ಒಳಗೂ ಹುಣ್ಣುಗಳು ಜೊತೆಗೇ ಬಂದವು. ಹೊಸ ಅಳಿಯ ಹಬ್ಬದ ಎಲೆಯ ಮುಂದೆ ಮುನಿಸಿಕೊಂಡು ಕೂರುವುದು, ಮಾವ ಉಡುಗೊರೆಯ ಮಾತೆತ್ತಿದ ಮೇಲೆ ಅನ್ನಕ್ಕೆ ಕೈ ಹಾಕುವುದು ಆಗಿನ ಪದ್ಧತಿ. ನಾನೋ, ಹುಣಿಸೆ ಗೊಜ್ಜು ಕಂಡೇ ಬಾಯಿ ಬಿಗಿದು ಕೂತೆ. ಏನು ಕೇಳಿದರೂ "ಊಂಹೂಂ". ಮನೆಯವರೆಲ್ಲ ಮುಖ ಮುಖ ನೋಡಿಕೊಂಡರು.

ಮಾವನವರು ಪ್ರೈಮರಿ ಶಾಲೆಯ ಮೇಷ್ಟರು. ಮಗಳ ಮದುವೆಗೇ ಬಸವಳಿದಿದ್ದರು. "ಸೈಕಲ್ಲು ಈ ವರ್ಷ ಕಷ್ಟ ಅಳಿಯಂದ್ರೇ... ಇದನ್ನಾದ್ರೂ ಇಟ್ಕೊಳ್ಳಿ" ಎನ್ನುತ್ತ ತಮ್ಮ ಬೆರಳಿನ ಉಂಗುರವನ್ನೇ ತಿರುಗಿಸತೊಡಗಿದರು. ಅದು ಗಿಣ್ಣು ದಾಟಲೊಲ್ಲದು. ನನಗೆ ನಾಚಿಕೆಯಾಯಿತು. ಕೂತಲ್ಲೇ ತುಟಿ ಮಡಚಿ ತೋರಿಸಿಬಿಟ್ಟೆ.

"ಹುಣ್ಣಾ? ಬರೀ ಹುಣ್ಣಾ?" ಎಂದ ಮಾವನವರ ಕಣ್ಣಲ್ಲಿ ನೀರು ತುಂಬಿ ಬಂತು. ನನ್ನ ಕಾಯಿಲೆಯಿಂದ ಇನ್ನೊಬ್ಬರಿಗೆ ಅಷ್ಟು ಸಂತೋಷವಾದದ್ದನ್ನು ನಾನು ಮತ್ತೆ ಕಂಡಿಲ್ಲ.

ಡಾಕ್ಟರಿಕೆ ಓದುತ್ತಿದ್ದ ನನ್ನ ಭಾವಮೈದುನನಿಗೆ ತನ್ನ ಓದು ತೋರಿಸಲು ಇದೇ ಸಮಯ. "ಭಾವ, ಲೈಸೋಜೈಮ್ ಅಂತ ಒಂದು ವಸ್ತು ಇದೆ, ಕ್ರಿಮಿಗಳನ್ನ ಕರಗಿಸಿಬಿಡತ್ತೆ. ಕಣ್ಣೀರಲ್ಲಿದೆ, ಎಂಜಲಲ್ಲಿದೆ, ಕೋಳಿಮೊಟ್ಟೆ ಬಿಳೀಲಂತೂ..."

"ಎಂಜಲಂತೆ, ಗುಡ್ಡಂತೆ! ಹಬ್ಬದ ದಿವ್ಸ ಎಂಥ ಮಾತಾಡ್ತೀಯೋ!" ಎಂದು ಅವನ ಅಜ್ಜಿ ಒಳಗಿನಿಂದ ಗದರಿದರು. ಮೊಟ್ಟೆಯನ್ನು ತೆಲುಗಿನಲ್ಲಿ 'ಗುಡ್ಡು' ಎಂದರೆ ಮೈಲಿಗೆ ಕಡಿಮೆ ಎಂದು ಅವರ ಎಣಿಕೆ.

ನಾನು ತೊದಲುತ್ತ ಕೇಳಿದೆ: "ಎಂಜಲಲ್ಲೇ ಇದ್ರೆ, ನನ್ನ ಬಾಯಲ್ಲಿ ಹುಣ್ಣು ಯಾಕಯ್ಯಾ ಬಂತು?"

ಅವನು ತಲೆ ಕೆರೆದುಕೊಂಡ. "ಗಾಜಿನ ತಟ್ಟೇಲಿ ಕ್ರಿಮಿ ಕರಗಿದ್ದಕ್ಕೆ ಪುರಾವೆ ಇದೆ ಭಾವ. ಹುಣ್ಣು ವಾಸಿ ಮಾಡತ್ತೆ ಅನ್ನೋದಕ್ಕೆ ನಾನಿನ್ನೂ ಕಂಡಿಲ್ಲ."

ಅಜ್ಜಿ ಜಾಜಿ ಎಲೆ ಅಗಿಸಿದರು, ಅತ್ತೆ ತುಪ್ಪ ಕೊಟ್ಟರು. ವಾರದೊಳಗೆ ಹುಣ್ಣು ಮಾಯ. ಎಲೆಯಿಂದ ಎಂದರು ಅಜ್ಜಿ, ತುಪ್ಪದಿಂದ ಎಂದರು ಅತ್ತೆ, ನಿಮ್ಮ ಎಂಜಲಿನಿಂದಲೇ ಎಂದ ಭಾವಮೈದುನ. ಬಾಯಿಹುಣ್ಣು ಬಲು ಉದಾರಿ. ಸುಮ್ಮನೆ ಬಿಟ್ಟರೂ ಹೋಗುತ್ತದೆ, ಹೋಗುವಾಗ ಹತ್ತಿರ ನಿಂತವರಿಗೆಲ್ಲ ಯಶಸ್ಸು ಹಂಚಿ ಹೋಗುತ್ತದೆ.

ಕಣ್ಣೀರಿನ ವಿಷಯದಲ್ಲಿ ಮಾತ್ರ ನಾನು ಸಾಕ್ಷಿ ಹೇಳಬಲ್ಲೆ. ಮಾವನವರು ಉಂಗುರವನ್ನು ಒಳಕ್ಕೆ ಒತ್ತಿಕೊಂಡು ಕಣ್ಣೊರೆಸಿಕೊಂಡರಲ್ಲ, ಅವತ್ತಿನಿಂದ ಆ ಮನೆಯಲ್ಲಿ ಅಳಿಯ ಬಂದನೆಂದು ಯಾರೂ ಹೆದರಲಿಲ್ಲ.