ಹನ್ನೆರಡನೆಯ ಹಲಗೆ

ಮೂಲನಿವಾಸಿಗಳ ಊರಾದ ವೈಟ್‌ರಿವರ್‌ನಲ್ಲಿ ಸ್ಕೇಟ್‌ಬೋರ್ಡಿನ ಹಲಗೆಗೆ ಚಿತ್ರ ಬರೆಸಬೇಕೆಂದರೆ ಎಲ್ಲರೂ ಹೋಗುವುದು ರೇನೆಲ್ಡಾ ಕೋಸೇಯ ಮನೆಗೆ. ಅಮ್ಮ ಬುಟ್ಟಿಯಲ್ಲಿ ಹೆಣೆಯುವ ಕಪ್ಪು ಮೆಟ್ಟಿಲಿನ ಚಿತ್ತಾರವನ್ನು ಮಗಳು ಹಲಗೆಗೆ ಇಳಿಸುತ್ತಾಳೆ. ಕೈ ಒಳ್ಳೆಯದು, ಆದರೆ ಬಲು ಆತುರದವಳು. ಆ ಆತುರವೇ ಈ ಸಲ ಕುತ್ತಿಗೆಗೆ ಬಂದಿತ್ತು.

ಅವಳ ತಮ್ಮ ಅಪಘಾತದಲ್ಲಿ ತೀರಿಕೊಂಡು ಇನ್ನೂ ವರ್ಷವಾಗಿರಲಿಲ್ಲ. ಅವನ ಬಟ್ಟೆ, ಬೂಟು, ಬೋರ್ಡು ಎಲ್ಲವನ್ನೂ ಸುಟ್ಟಾಗಿತ್ತು. ಅಂದಿನಿಂದ ಮನೆಯಲ್ಲಿ ಯಾರೂ ಅವನ ಹೆಸರೆತ್ತಿರಲಿಲ್ಲ. ಹೆಸರು ಕೂಗಿದರೆ ಸತ್ತು ಹೊರಟವನು ತಿರುಗಿ ನೋಡುತ್ತಾನೆ, ದಾರಿ ಸಾಗುವುದಿಲ್ಲ ಎಂಬುದು ಅವರ ನಂಬಿಕೆ. ಗೊತ್ತಿದ್ದೂ ರೇನೆಲ್ಡಾ, ದುಃಖ ತಡೆಯಲಾರದೆ, ಪಾರ್ಕಿನಲ್ಲಿ ನಡೆಯುವ ಸ್ಕೇಟಿಂಗ್ ಸ್ಪರ್ಧೆಯ ಬಹುಮಾನದ ಹನ್ನೆರಡು ಹಲಗೆಗಳ ಮೇಲೂ ಆ ಹೆಸರನ್ನೇ ಬರೆದುಬಿಟ್ಟಿದ್ದಳು. ಅಮ್ಮ ಪಾರ್ಕಿನತ್ತ ತಲೆ ಹಾಕುವವಳಲ್ಲ ಎಂಬ ಧೈರ್ಯ.

ಸ್ಪರ್ಧೆಯ ದಿನ ಅಮ್ಮ ಬಂದೇಬಿಟ್ಟಳು.

"ಮನೆ ತುಂಬಾ ಬಣ್ಣ ಚೆಲ್ಲಿದೀಯ, ಅದೇನ್ ಬರ್ದಿದೀಯ ಅಂತ ನೋಡ್ಬೇಡ್ವಾ?" ಎಂದು ಬೆಂಚಿನ ಮೇಲೆ ಕೂತಳು.

ರೇನೆಲ್ಡಾ ಹಲಗೆಗಳಿದ್ದ ವ್ಯಾನಿನತ್ತ ಓಡಿದಳು. ಅದರ ಹಿಂದೆ ಕೂತು ಹೆಸರುಗಳ ಮೇಲೆ ಕಪ್ಪು ಬಣ್ಣ ಬಳಿದಳು. ಹನ್ನೊಂದು ಮುಗಿದವು. ಹನ್ನೆರಡನೆಯದು ಕಾಣಲಿಲ್ಲ.

"ಡೇರಿಯನ್, ಇನ್ನೊಂದೆಲ್ಲೋ?"

ತಮ್ಮನ ಗೆಳೆಯ ಡೇರಿಯನ್ ಗದ್ದ ಎತ್ತಿ ತೋರಿಸಿದ. ಹಲಗೆ ಫೀನಿಕ್ಸ್ ನಗರದಿಂದ ಬಂದ, ಇಲ್ಲಿನ ರೂಢಿ ತಿಳಿಯದ ನಿರೂಪಕನ ಕೈಯಲ್ಲಿತ್ತು. ಇನ್ನೊಂದು ಕೈಯಲ್ಲಿ ಮೈಕು.

"ಅಯ್ಯೋ, ಓದ್ಬಿಡ್ತಾನೆ ಕಣೋ! ಅಮ್ಮ ಅಲ್ಲೇ ಕೂತಿದಾಳೆ!"

"ಬರೆಯೋವಾಗ ಬುದ್ಧಿ ಎಲ್ಲಿತ್ತು ನಿಂಗೆ?" ಎಂದವನೇ ಡೇರಿಯನ್ ತನ್ನ ಬೋರ್ಡು ಎತ್ತಿಕೊಂಡು ಓಡಿದ.

"ಇವತ್ತಿನ ಆಟ ಯಾರ ನೆನಪಿಗೆ ಗೊತ್ತಾ?" ಧ್ವನಿವರ್ಧಕ ಗುಡುಗಿತು.

ಡೇರಿಯನ್ ಬೋರ್ಡಿನ ತುದಿಯನ್ನು ಕಾಂಕ್ರೀಟಿಗೆ ಬಡಿದ. ಯಾರಾದರೂ ಚೆನ್ನಾಗಿ ನೆಗೆದರೆ ಹೀಗೆ ಬಡಿಯುವುದು ಸ್ಕೇಟರ್‌ಗಳ ರೂಢಿ. ಈಗ ಯಾರೂ ನೆಗೆದಿರಲಿಲ್ಲ. ಆದರೂ ಅಲ್ಲಿದ್ದವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಪಕ್ಕದವಳು ಬಡಿದಳು, ಆಚೆಯವನು ಬಡಿದ, ನಲವತ್ತು ಬೋರ್ಡುಗಳು ಒಟ್ಟಿಗೆ ನೆಲ ಕುಟ್ಟಿದವು. ನಿರೂಪಕನ ತುಟಿ ಅಲ್ಲಾಡಿದ್ದಷ್ಟೇ ಕಂಡಿತು. ಪಾಪ, ತನಗೇ ಮೆಚ್ಚುಗೆ ಎಂದುಕೊಂಡು ಹಲ್ಲು ಕಿರಿದು ಮತ್ತೆ ಕೂಗಿದ. ಮತ್ತೆ ಬಡಿದರು.

ರೇನೆಲ್ಡಾ ಹೆದರುತ್ತಲೇ ಅಮ್ಮನ ಕಡೆ ತಿರುಗಿದಳು. ಅಮ್ಮ ಎದ್ದು ನಿಂತಿದ್ದಳು. ಕಣ್ಣು ಮುಚ್ಚಿ, ಊರುಗೋಲಿನಿಂದ ಬೆಂಚನ್ನು ಎಲ್ಲರಿಗಿಂತ ಜೋರಾಗಿ ಬಡಿಯುತ್ತಿದ್ದಳು. ಕೆನ್ನೆ ಒದ್ದೆಯಾಗಿತ್ತು. ಉಳಿದವರು ನಿಲ್ಲಿಸಿದರೂ ಅವಳು ನಿಲ್ಲಿಸಲಿಲ್ಲ.

ರೇನೆಲ್ಡಾ ಓಡಿ ಬಂದು ಅವಳ ಕೈ ಹಿಡಿದಳು. "ಸಾಕಮ್ಮ, ಮುಗೀತು."

"ಬಿಡೇ," ಎಂದಳು ಅಮ್ಮ. "ತಿರುಗಿ ನೋಡ್ದೆ ಇನ್ನೊಂಚೂರು ದೂರ ಹೋಗ್ಲಿ ಅವ್ನು."